ಕನ್ನಡದ ಅಂಕಕ್ಕೆ ಸಿಇಟಿಯಲ್ಲಿ ಸೊನ್ನೆ!

ಕನ್ನಡಿಗರೇ, ನಿಮ್ಮ ಮಗನೋ ಮಗಳೋ ಪಿಯುಸಿ ವಿಜ್ಞಾನ ಓದುತ್ತಿದ್ದರೆ ಈ ಲೆಕ್ಕ ನೋಡಿ. ಒಟ್ಟು 600 ಅಂಕ, ಅದರಲ್ಲಿ ಎರಡು ಭಾಷೆಗಳದ್ದು 200. ಎಂಜಿನಿಯರಿಂಗ್ ರ್‍ಯಾಂಕ್ ಕೊಡುವಾಗ ಈ 200 ಲೆಕ್ಕಕ್ಕೇ ಇಲ್ಲ! ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಕನ್ನಡದಲ್ಲಿ 99 ತೆಗೆದವನೂ 40 ತೆಗೆದವನೂ ಅಲ್ಲಿ ಒಂದೇ.

ಇಂಗ್ಲಿಷಿಗೂ ಅದೇ ಗತಿಯಲ್ಲವೇ ಎನ್ನುತ್ತೀರಾ? ಅಂಕದ ಮಟ್ಟಿಗೆ ಹೌದು. ಆದರೆ ಅರ್ಹತೆಯ ನಿಯಮ ಓದಿ: ಇಂಗ್ಲಿಷ್ ಒಂದು ಭಾಷೆಯಾಗಿ ಇರಲೇಬೇಕು. ಕನ್ನಡ ಇರಬೇಕೆಂಬ ಮಾತೇ ಇಲ್ಲ! ಇದು ದಿಲ್ಲಿಯ ಪರೀಕ್ಷೆಯಲ್ಲ ಸ್ವಾಮಿ, ನಮ್ಮದೇ ಸರ್ಕಾರ ಬೆಂಗಳೂರಿನಲ್ಲಿ ಕುಳಿತು ನಡೆಸುವುದು.

1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲು ಇದೆ, ಒಪ್ಪೋಣ. ಪಿಯುಸಿಯಲ್ಲಿ ಕನ್ನಡ ಆರಿಸಿಕೊಂಡವನಿಗೆ ಏನು ಸಿಕ್ಕಿತು?

ನನ್ನ ಪ್ರೆಸ್ಸಿನಲ್ಲಿ ಪ್ರತಿ ವರ್ಷ ಕಾಲೇಜುಗಳ ರ್‍ಯಾಂಕ್ ಪೋಸ್ಟರ್ ಅಚ್ಚಾಗುತ್ತವೆ. ಮಕ್ಕಳ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ಪಿಸಿಎಂ ಅಂಕ. ಕನ್ನಡದ ಅಂಕವನ್ನೂ ಹಾಕಿ ಎಂದು ಇದುವರೆಗೆ ಒಬ್ಬ ಪ್ರಿನ್ಸಿಪಾಲರೂ ಹೇಳಿಲ್ಲ. ಲೆಕ್ಕಕ್ಕಿಲ್ಲದ್ದನ್ನು ಯಾರು ಕಲಿಸುತ್ತಾರೆ, ಯಾರು ಕಲಿಯುತ್ತಾರೆ?

ಕನ್ನಡದ ಅಂಕವನ್ನೂ ರ್‍ಯಾಂಕಿಗೆ ಸೇರಿಸಲಿ. ಮುಂದಿನ ಸಿಇಟಿ ಪ್ರಕಟಣೆ ಹೊರಬೀಳುವ ಮೊದಲೇ ನಿಮ್ಮ ಶಾಸಕರ ಮನೆ ಬಾಗಿಲು ತಟ್ಟಿ ಇದನ್ನು ಕೇಳಿ.