ಊರಿನ ಗುರುತುಗಳೂ ನೋಟದ ನೆಲೆಗಳೂ

ಬೆಂಗಳೂರಿನ ಈಶಾನ್ಯ ದಿಕ್ಕಿನಲ್ಲಿ, ಹೆಣ್ಣೂರು–ಬಾಗಲೂರು ರಸ್ತೆಯ ಬಳಿಯ ಕಣ್ಣೂರಿನಲ್ಲಿ ಒಂದು ಹಳೆಯ ಕಟ್ಟಡವಿದ್ದಿತು. ಹಿಂದೂಸ್ಥಾನವನ್ನೆಲ್ಲ ತ್ರಿಕೋನಗಳಾಗಿ ವಿಭಾಗಿಸಿ ಅಳೆದ ಮಹಾ ಸರ್ವೆಯವರು 1868ರಲ್ಲಿ ಬೆಂಗಳೂರಿನ ಆಧಾರರೇಖೆಯನ್ನು ಅಳೆದಾಗ ಅದರ ಒಂದು ಕೊನೆಯಲ್ಲಿ ಅದನ್ನು ಕಟ್ಟಿಸಿದ್ದರು. ದೂರದ ಗುರುತನ್ನು ನಿಂತು ನೋಡುವುದಕ್ಕೆಂದೇ ಹುಟ್ಟಿದ ಕಟ್ಟಡವದು. 2024ರಲ್ಲಿ ಅದು ನೆಲಸಮವಾಯಿತು. ಕೆಡವಿದವರು ಯಾರೆಂಬ ವಿಚಾರವನ್ನು ನಾವು ಇಲ್ಲಿ ಎತ್ತುವುದಿಲ್ಲ. ಕೆಡವಕೂಡದೆಂದು ಸಕಾಲದಲ್ಲಿ ಹೇಳಬೇಕಾದ ಹೊಣೆ ಯಾರದು ಎಂಬುದೇ ನಮ್ಮ ಪ್ರಶ್ನೆ.

ಯೂರೋಪಿನ ಪ್ರಾಚೀನ ನಗರಗಳಿಗೆ ಈಗ ನಮ್ಮ ಪಟ್ಟಣಿಗರು ಉದ್ಯೋಗನಿಮಿತ್ತವಾಗಿಯೂ ವಿಹಾರಾರ್ಥವಾಗಿಯೂ ಹೋಗಿಬರುತ್ತಾರೆ. ಅಲ್ಲಿನ ಗೋಪುರಗಳ, ಸೇತುವೆಗಳ ಚಿತ್ರಗಳನ್ನು ತೆಗೆದು ಬಂಧುಮಿತ್ರರಿಗೆ ತೋರಿಸುತ್ತಾರೆ. ಆ ಸೊಬಗು ತಾನಾಗಿ ಉಳಿದದ್ದಲ್ಲವೆಂಬುದನ್ನು ಮಾತ್ರ ಗಮನಿಸುವವರು ವಿರಳ. ಫ್ಲಾರೆನ್ಸ್ ನಗರವನ್ನು ಒಂದೇ ನೋಟದಲ್ಲಿ ಕಾಣಬಹುದಾದ ದಿಣ್ಣೆಯ ಮೇಲಿನ ಚೌಕವನ್ನು 1869ರಲ್ಲಿ ಪೋಜಿ ಎಂಬ ವಾಸ್ತುಶಿಲ್ಪಿ ಉದ್ದೇಶಪೂರ್ವಕವಾಗಿ ರಚಿಸಿದನು. ಲಂಡನ್ನಿನಲ್ಲಿ 1930ರ ದಶಕದಲ್ಲಿ ಒಂದು ಎತ್ತರದ ಟೆಲಿಫೋನ್ ಕಚೇರಿಯು ಸೇಂಟ್ ಪಾಲ್ ದೇವಾಲಯದ ನೋಟಕ್ಕೆ ಅಡ್ಡವಾಗಲು, ನಗರದವರು ಎಚ್ಚೆತ್ತು, ದೇವಾಲಯದ ಸುತ್ತಮುತ್ತ ಕಟ್ಟಡಗಳು ಇಂತಿಷ್ಟೇ ಎತ್ತರವಿರಬೇಕೆಂದು ಕಟ್ಟು ಮಾಡಿದರು. ಹತ್ತು ಮೈಲಿ ದೂರದ ರಿಚ್‌ಮಂಡ್ ಉದ್ಯಾನದ ದಿಬ್ಬದಿಂದ ಆ ಗುಮ್ಮಟವನ್ನು ಕಾಣುವ ದೃಷ್ಟಿರೇಖೆಗೂ ಇಂದು ರಕ್ಷಣೆಯುಂಟು. ಕಟ್ಟು ಮೀರಿದವರಿಗೆ ಆದ ಫಲವೂ ಉಂಟು. ಜರ್ಮನಿಯ ಡ್ರೆಸ್ಡನ್ ನಗರದವರು ಎಲ್ಬೆ ನದಿಯ ಕಣಿವೆಗೆ ಹೊಸ ಸೇತುವೆಯನ್ನು ಹಾಕಿದ್ದರಿಂದ 2009ರಲ್ಲಿ ಆ ಕಣಿವೆ ವಿಶ್ವಪರಂಪರೆಯ ಪಟ್ಟಿಯಿಂದಲೇ ಹೊರಬಿದ್ದಿತು.

ನೋಟದ ನೆಲೆಯೆಂಬುದು ಪರದೇಶದಿಂದ ಬರಬೇಕಾದ ಸರಕೇನೂ ಅಲ್ಲ. ಕೆಂಪೇಗೌಡರ ವಂಶದವರದೆಂದು ಪ್ರಸಿದ್ಧವಾದ ಗಡಿಗೋಪುರಗಳಲ್ಲಿ ಒಂದು ಲಾಲ್‌ಬಾಗಿನ ಬಂಡೆಯ ಮೇಲಿದೆ. ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಆ ಬಂಡೆಯನ್ನೇ ಭೂಗರ್ಭ ಇಲಾಖೆಯವರು ರಾಷ್ಟ್ರೀಯ ಸ್ಮಾರಕವೆಂದು ಸಾರಿದ್ದಾರೆ. ನಿಂತು ಊರನ್ನು ನೋಡುವ ಪದ್ಧತಿ ನಮ್ಮ ಹಿರಿಯರಿಗೆ ತಿಳಿದಿದ್ದಿತು, ಮರೆತವರು ನಾವು.

ಆ ಗಡಿಗೋಪುರಗಳನ್ನು ದಾಟಿ ಊರು ಬೆಳೆದ ಕಡೆಗಳಲ್ಲಿಯೇ ಈ ಮರೆವು ಹೆಚ್ಚು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಕ್ಕೆ ಬೇಗೂರಿದೆ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ, ಸುಮಾರು 890ರ ಗಂಗರ ಕಾಲದ ಶಿಲಾಶಾಸನವೊಂದು ಬೆಂಗಳೂರಿನ ಕಾಳಗದಲ್ಲಿ ಮಡಿದವರನ್ನು ಸ್ಮರಿಸುತ್ತದೆ. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟುವುದಕ್ಕೆ ಆರು ನೂರು ವರ್ಷಗಳಿಗೂ ಹಿಂದೆಯೇ ಈ ಹೆಸರು ಕನ್ನಡದಲ್ಲಿ ಕಲ್ಲಿನ ಮೇಲೆ ನಿಂತಿತ್ತು. ಬಲ್ಲಾಳರಾಯನಿಗೆ ಮುದುಕಿ ಬೆಂದ ಕಾಳು ಕೊಟ್ಟಳೆಂಬ ಕಥೆಗಿಂತಲೂ ಇದು ಹಳೆಯದು. ಅದೇ ಬೇಗೂರಿನ ಮತ್ತೊಂದು ಭವ್ಯ ವೀರಗಲ್ಲು ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಪ್ರೇಗ್ ನಗರದ ಸೇತುವೆಯನ್ನು ಬಲ್ಲ ತರುಣನು ತನ್ನ ಕಚೇರಿಗೆ ಸಮೀಪದ ಈ ಕಲ್ಲನ್ನು ಅರಿಯನೆಂದರೆ ದೋಷ ಅವನೊಬ್ಬನದೇ ಅಲ್ಲ. ಅಲ್ಲಿಗೆ ಅವನನ್ನು ಕರೆಯುವ ಏರ್ಪಾಟನ್ನು ನಾವು ಮಾಡಿಲ್ಲ.

ವೈಟ್‌ಫೀಲ್ಡಿನ ಕಥೆಯೂ ಇದೇ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ–ಇಂಡಿಯನ್ನರ ಸಂಘಕ್ಕೆ ದಯಪಾಲಿಸಿದ ಸುಮಾರು 3,900 ಎಕರೆಯಲ್ಲಿ ಹುಟ್ಟಿದ ಬಡಾವಣೆಯದು. ವೃತ್ತಾಕಾರದ ಅದರ ಹಳೆಯ ನಡುಭಾಗವು ಇನ್ನರ್ ಸರ್ಕಲ್ ಎಂಬ ಹೆಸರಿನಿಂದ ಇನ್ನೂ ಗುರುತಾಗುತ್ತದೆ. ಹೆಂಚಿನ ಹಳೆಯ ಮನೆಗಳು ಮಾತ್ರ ಒಂದೊಂದಾಗಿ ಕಾಣೆಯಾಗುತ್ತಿವೆ. ಪೀಣ್ಯಕ್ಕೆ ನೆರೆಯಾದ ಜಾಲಹಳ್ಳಿಯಲ್ಲಿ ಕೈಗಾರಿಕೆಯೇ ಇತಿಹಾಸ. 1953ರಲ್ಲಿ ಸ್ಥಾಪಿತವಾದ ಎಚ್.ಎಂ.ಟಿ. ಸಂಸ್ಥೆಯ ಕೈಗಡಿಯಾರಗಳು ಒಂದು ತಲೆಮಾರಿಗೆ ಸ್ವದೇಶೀ ಹೆಮ್ಮೆಯಾಗಿದ್ದವು. ಕಾರ್ಖಾನೆಯ ಗೋಡೆಯೂ ಕಾಲಕ್ರಮದಲ್ಲಿ ಊರಿನ ಗುರುತಾಗುತ್ತದೆ.

ಕಾಯಿದೆಗಳಿಲ್ಲವೆ? ಇವೆ. ಕೇಂದ್ರದ 1958ರ ಕಾಯಿದೆಯು 2010ರ ತಿದ್ದುಪಡಿಯಾದ ಮೇಲೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ನಿಷೇಧಿಸುತ್ತದೆ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ರಾಜ್ಯಕ್ಕೂ 1961ರ ಕಾಯಿದೆಯುಂಟು. ಆದರೆ ಪಟ್ಟಿಗೆ ಸೇರಿದ ಸ್ಮಾರಕಕ್ಕೆ ಮಾತ್ರ ಈ ರಕ್ಷೆ. ಪಟ್ಟಿಯಲ್ಲಿಲ್ಲದ ಕಲ್ಲಿಗೆ ಗುತ್ತಿಗೆದಾರನ ದಯೆಯೇ ಗತಿ.

ಉದ್ಯಮಗಳಿಂದ ಲಕ್ಷಾಂತರ ಜನರ ಅನ್ನ ನಡೆಯುತ್ತಿರುವಾಗ ಹಳೆಯ ಕಲ್ಲುಗಳಿಗಾಗಿ ಬೆಳವಣಿಗೆಯನ್ನು ನಿಲ್ಲಿಸಬೇಕೆ ಎಂದು ಕೆಲವರು ಕೇಳಬಹುದು. ನಿಲ್ಲಿಸಬೇಕೆಂದು ನಾವು ಹೇಳುವುದಿಲ್ಲ. ಲಂಡನ್ನಿನ ವರ್ತಕರು ಲೇವಾದೇವಿಯಲ್ಲಿ ಯಾರಿಗೂ ಕಡಮೆಯವರಲ್ಲ. ಆದರೂ ಒಂದು ಗುಮ್ಮಟದ ನೋಟಕ್ಕಾಗಿ ಮಾಳಿಗೆಗಳನ್ನು ತಗ್ಗಿಸಿದರು. ಅದರಿಂದ ಅವರ ಬೊಕ್ಕಸ ಬರಿದಾಗಲಿಲ್ಲ. ನಮ್ಮಲ್ಲಿ ಬೇಕಾದ ನೆಲ ಅದಕ್ಕಿಂತಲೂ ಅಲ್ಪ: ಒಂದು ಶಾಸನಕ್ಕೆ ಒಂದು ಮಂಟಪ, ಒಂದು ಕೆರೆಯ ಏರಿಯ ಮೇಲೆ ನಿಲ್ಲಲು ಹತ್ತು ಗಜ, ಅಲ್ಲಿಂದ ಗುಡಿಯ ಶಿಖರ ಕಾಣುವಷ್ಟು ಬಯಲು.

2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರ ಪಾಲಿಕೆಗಳೂ ಬಂದಿವೆ. ಹೊಸ ಅಧಿಕಾರಿಗಳಿಗೆ ನಮ್ಮ ಸೂಚನೆಗಳು ಮೂರು. ಪ್ರತಿಯೊಂದು ಪಾಲಿಕೆಯೂ ತನ್ನ ಎಲ್ಲೆಯೊಳಗಿನ ಶಾಸನ, ವೀರಗಲ್ಲು, ಗುಡಿ, ಹಳೆಯ ಮನೆ, ಕಾರ್ಖಾನೆಗಳ ಪಟ್ಟಿಯನ್ನು ಸಿದ್ಧಪಡಿಸಿ ಪ್ರಕಟಿಸಲಿ. ಕಟ್ಟುವುದಕ್ಕಾಗಲಿ ಕೆಡಹುವುದಕ್ಕಾಗಲಿ ಅನುಮತಿ ಕೊಡುವ ಗುಮಾಸ್ತನ ಮೇಜಿನ ಮೇಲೆ ಆ ಪಟ್ಟಿಯಿರಲಿ. ಅದನ್ನು ನೋಡದೆ ರುಜು ಬೀಳಬಾರದು. ವೈಟ್‌ಫೀಲ್ಡಿಗೆ 2023ರಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯ ಮಾರ್ಗವಾಗಿ ಬೊಮ್ಮಸಂದ್ರಕ್ಕೆ 2025ರಲ್ಲಿಯೂ ಬಂದ ಮೆಟ್ರೋ ರೈಲಿನ ನಿಲ್ದಾಣಗಳಲ್ಲಿ, ಸಮೀಪದ ಗುರುತುಗಳಿಗೆ ದಾರಿ ತೋರುವ ಕನ್ನಡ ಫಲಕಗಳಿರಲಿ.

ಕಣ್ಣೂರಿನ ಕಟ್ಟಡವನ್ನು ಇನ್ನು ಯಾರೂ ತಂದುಕೊಡಲಾರರು. ಬೇಗೂರಿನ ಶಾಸನ ಇನ್ನೂ ಇದೆ. ಊರಿನ ಹೆಸರನ್ನು ಹೊತ್ತ ಕಲ್ಲನ್ನು ಕಾಯಲಾರದ ಪಾಲಿಕೆಗೆ ಆ ಹೆಸರಿನ ಮುದ್ರೆಯನ್ನು ಒತ್ತುವ ಅಧಿಕಾರ ಶೋಭಿಸುವುದಿಲ್ಲವೆಂದು ನಾವು ವಿನಯದಿಂದಲೂ ದೃಢವಾಗಿಯೂ ತಿಳಿಸುತ್ತೇವೆ.