ಸಹಿ ಮಾಡಿದವರು ಹೋದರು, ಕರಾರು ಹೋಗಲಿಲ್ಲ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪತ್ನಿ ಮನೆಗೆ ಬಂದಿದ್ದರು. ಆತ ಲೆಕ್ಕದಲ್ಲಿ ಮುಂದು, ಕಾಗುಣಿತದಲ್ಲಿ ಹಿಂದು. ಸ್ನೇಹಿತನೊಡನೆ ಅಡಿಕೆ ವ್ಯಾಪಾರಕ್ಕಿಳಿದು ಚೆನ್ನಾಗಿಯೇ ಬಾಳಿದ. ಈಗ ಅವನಿಲ್ಲ. ವ್ಯಾಜ್ಯ ಬಂದರೆ ಮಧ್ಯಸ್ಥಗಾರರ ಮುಂದೆ ತೀರ್ಮಾನವಾಗಬೇಕೆಂದು ಅವರ ಪಾಲುದಾರಿಕೆ ಪತ್ರದಲ್ಲಿತ್ತು. ಆಕೆ ಲೆಕ್ಕ ಕೇಳಿದಾಗ ಉಳಿದ ಪಾಲುದಾರ ಹೇಳಿದನಂತೆ: “ಅತ್ತಿಗೆ, ಈ ಪತ್ರದಲ್ಲಿ ನಿಮ್ಮ ಸಹಿ ಎಲ್ಲಿದೆ? ಮಧ್ಯಸ್ಥಿಕೆ ಕೇಳಲು ನೀವು ಯಾರು?” ಆಕೆಯ ಅಣ್ಣಂದಿರ ಉಪದೇಶ ಇನ್ನೊಂದು: “ನೀನು ಸಹಿ ಹಾಕಿಲ್ಲ, ಆ ಷರತ್ತು ನಿನಗೆ ತಗಲದು. ನೇರವಾಗಿ ಸಿವಿಲ್ ಕೋರ್ಟಿಗೆ ಹೋಗು.”

ಕಿತ್ತುಕೊಳ್ಳಬಯಸುವವನದೂ ಕಾಪಾಡಬಯಸುವವರದೂ ಒಂದೇ ತಪ್ಪು. ಕಾನೂನು ಪದವಿಯಿಲ್ಲದ ಮೇಷ್ಟ್ರಾದರೂ ಇದನ್ನು ಖಂಡಿಸದೆ ಇರಲಾರೆ.

1996ರ ಮಧ್ಯಸ್ಥಿಕೆ ಕಾಯಿದೆಯ 40ನೆಯ ಕಲಂ ಓದಿ. ಪಕ್ಷಕಾರನೊಬ್ಬನ ಮರಣದಿಂದ ಮಧ್ಯಸ್ಥಿಕೆಯ ಕರಾರು ರದ್ದಾಗದು. ಮೃತನ ಕಾನೂನುಬದ್ಧ ಪ್ರತಿನಿಧಿ ಅದನ್ನು ಜಾರಿಗೊಳಿಸಬಹುದು, ಅವನ ವಿರುದ್ಧವೂ ಜಾರಿಗೊಳಿಸಬಹುದು. ತಾಯಿ ಪಾಲುದಾರಳಾಗಿದ್ದ ಸಂಸ್ಥೆಯೊಂದರ ವಿಷಯದಲ್ಲಿ, ಆಕೆ ತೀರಿಕೊಂಡ ಮೇಲೆ ಮಗ ಮಧ್ಯಸ್ಥಿಕೆ ಕೇಳಬಹುದೆಂದು ಸುಪ್ರೀಂ ಕೋರ್ಟು 2007ರಲ್ಲಿಯೇ ತೀರ್ಪಿತ್ತಿತು. 2025ರಲ್ಲಿ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿಯುತ್ತ, ಸಹಿ ಮಾಡದ ವಾರಸುದಾರರನ್ನೂ ಕರಾರು ಬಂಧಿಸುತ್ತದೆಂದು ಪುನಃ ಹೇಳಿತು.

“ಒಪ್ಪಿಗೆಯಿಲ್ಲದೆ ಮಧ್ಯಸ್ಥಿಕೆ ಹೇಗೆ?” ಎಂದು ವಕೀಲನಾಗಿರುವ ನನ್ನ ಸೋದರಳಿಯ ವಾದಿಸುತ್ತಾನೆ. ಮಾತು ಕೇಳಲು ಇಂಪಾಗಿದೆ. ಆದರೆ ವಾರಸುದಾರರು ಕೇಳುತ್ತಿರುವುದು ಯಾರ ಹಕ್ಕನ್ನು? ತಮ್ಮದನ್ನಲ್ಲ, ಮೃತನದನ್ನು. ಅಪ್ಪನ ತೋಟ ಬೇಕು, ಅಪ್ಪ ಒಪ್ಪಿದ್ದ ಕಾಲುದಾರಿ ಬೇಡ ಎನ್ನುವುದು ಯಾವ ನ್ಯಾಯ? ಅವನ ಸಾಲವೂ ಬರುತ್ತದೆ. ಆದರೆ ಅವನು ಬಿಟ್ಟುಹೋದ ಆಸ್ತಿಯ ಮಟ್ಟಿಗೆ ಮಾತ್ರ, ವಾರಸುದಾರರ ಸ್ವಂತ ಗಳಿಕೆಗೆ ಅಲ್ಲ. ಈ ಮಿತಿಯನ್ನು ಮರೆಮಾಚಿ ವಿಧವೆಯರನ್ನು ಹೆದರಿಸುವವರನ್ನು ನಾನು ಬಲ್ಲೆ.

ಸೋದರಳಿಯನ ಮತ್ತೊಂದು ಆಕ್ಷೇಪಕ್ಕೆ ತೂಕವಿದೆ. ಪತ್ರದಲ್ಲಿ ಮಧ್ಯಸ್ಥಗಾರನೆಂದು ಹೆಸರಿಸಿರುವುದು ಉಳಿದ ಪಾಲುದಾರನ ಸ್ವಂತ ತಮ್ಮನನ್ನು! ಅಂದು ಸ್ನೇಹದಲ್ಲಿ ಯಾರೂ ಯೋಚಿಸಲಿಲ್ಲ. ಹಾಗೆಂದು ಕರಾರನ್ನೇ ಎಸೆಯಬೇಕಿಲ್ಲ. 2015ರ ತಿದ್ದುಪಡಿಯ ಪ್ರಕಾರ ಪಕ್ಷಕಾರನ ಒಡಹುಟ್ಟಿದವನು ಮಧ್ಯಸ್ಥಗಾರನಾಗಲು ಅನರ್ಹ. ವ್ಯಾಜ್ಯ ಹುಟ್ಟಿದ ಮೇಲೆ ಇಬ್ಬರೂ ಲಿಖಿತವಾಗಿ ಒಪ್ಪಿದರೆ ಮಾತ್ರ ಆ ಅನರ್ಹತೆ ನೀಗುತ್ತದೆ. ಆದ್ದರಿಂದ, “ಇಲ್ಲೊಂದು ಸಹಿ ಹಾಕಿ ಅತ್ತಿಗೆ, ಬರೀ ಔಪಚಾರಿಕ” ಎಂದು ಬರುವ ಕಾಗದಕ್ಕೆ ಸಹಿ ಹಾಕಬೇಡಿರೆಂದು ಆಕೆಗೆ ಎರಡು ಬಾರಿ ಹೇಳಿ ಕಳುಹಿಸಿದೆ.

ಅಣ್ಣಂದಿರ ಮಾತಿನಂತೆ ದಾವೆ ಹೂಡಿದ್ದರೆ ಏನಾಗುತ್ತಿತ್ತು? ಎದುರಾಳಿ ತನ್ನ ಮೊದಲ ಹೇಳಿಕೆಯ ಹೊತ್ತಿಗೇ ಕರಾರನ್ನು ತೋರಿಸಿದರೆ, ನ್ಯಾಯಾಲಯ ಅವರನ್ನು ಮಧ್ಯಸ್ಥಿಕೆಗೇ ಕಳುಹಿಸುತ್ತದೆ. ಇತ್ತ ಕಾಲ ಕಾಯುವುದಿಲ್ಲ. ಇಬ್ಬರೇ ಇದ್ದ ಪಾಲುದಾರಿಕೆ ಒಬ್ಬನ ಮರಣದೊಡನೆ ಮುಗಿಯುತ್ತದೆ. ಅಲ್ಲಿಂದ ಲೆಕ್ಕ ಕೇಳಲು ಇರುವ ಅವಧಿ ಮೂರು ವರ್ಷ. ಮಧ್ಯಸ್ಥಿಕೆಗೂ ಅದೇ. ಆಕೆಯ ಪಾಲಿಗೆ ಅದರಲ್ಲಿ ಎರಡು ವರ್ಷ ಏಳು ತಿಂಗಳು “ನೋಡೋಣ, ಮಾಡೋಣ”ದಲ್ಲಿಯೇ ಕಳೆದಿವೆ.

ಪಾಲು ಕೊಡದೆ ಅದೇ ಬಂಡವಾಳದಲ್ಲಿ ವ್ಯಾಪಾರ ಮುಂದುವರಿಸಿದವನು, ಬೇರೆ ಕರಾರಿಲ್ಲದಿದ್ದರೆ, ಆ ಪಾಲಿನಿಂದ ಬಂದ ಲಾಭವನ್ನೋ ಶೇ. 6ರ ಬಡ್ಡಿಯನ್ನೋ ಕೊಡಬೇಕು. ಆಯ್ಕೆ ಮೃತನ ಕಡೆಯವರದು. 1932ರ ಪಾಲುದಾರಿಕೆ ಕಾಯಿದೆಯ 37ನೆಯ ಕಲಮಿನ ಈ ಮಾತನ್ನು ಓದಿ ಹೇಳಿದಾಗ ಆಕೆ ಮೊದಲ ಬಾರಿಗೆ ನೆಟ್ಟಗೆ ಕುಳಿತರು. ಮಧ್ಯಸ್ಥಿಕೆ ಕೋರಿ ಸೋದರಳಿಯನೇ (ಗೊಣಗುತ್ತಲೇ) ನೋಟಿಸು ಬರೆದುಕೊಟ್ಟ. ಹಿಂದಿನ ಸೋಮವಾರ ಅದು ಪಾಲುದಾರನ ಕೈಸೇರಿದೆ.