ದೆವ್ವಕ್ಕೆ ಧರ್ಮ ಕೊಟ್ಟವರು ಯಾರು?

ಸಿಂಧನೂರು, ಮಸ್ಕಿ, ಲಿಂಗಸುಗೂರು ನಡುವೆ ಗುರುವಾರದ ದಿನ ಬಸ್ಸಿನಲ್ಲಿ ಓಡಾಡುವವರಿಗೆ ಈ ನೋಟ ಹೊಸದಲ್ಲ. ಕೂದಲು ಕೆದರಿದ ಒಬ್ಬ ಹೆಣ್ಣುಮಗಳು, ಅವಳ ರಟ್ಟೆ ಬಿಡದ ತಾಯಿ, ಕೈಚೀಲದಲ್ಲಿ ಊದುಬತ್ತಿ, ನಿಂಬೆಹಣ್ಣು, ತೆಂಗಿನಕಾಯಿ. ಕೇಳಿದರೆ 'ಗಾಳಿ ಆಗ್ಯಾದ್ರಿ, ದರ್ಗಾಕ್ಕ ಹೊಂಟೀವಿ' ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಇದೇ ಮಾತು 'ಅಸರ್ ಹೋಗಯಾ' ಎಂದಾಗುತ್ತದೆ. ಭಾಷೆ ಎರಡು, ಸಂಕಟ ಒಂದೇ.

ಈ ಹೆಣ್ಣುಮಗಳ ಬಗ್ಗೆ ತೀರ್ಪು ಕೊಡಲು ಮೂರು ಬಗೆಯ ಜನ ಸದಾ ಸಿದ್ಧರಿರುತ್ತಾರೆ. ಮೊದಲನೆಯವರು ನಮ್ಮ ಸುಧಾರಕ ಯುವಕರು. ಅವರ ಪಾಲಿಗೆ ಇದು ಶಿರ್ಕ್, ತಾಯತ ಕತ್ತರಿಸಿದರೆ ಕೆಲಸ ಮುಗಿಯಿತು. ಎರಡನೆಯವರು ವಿಚಾರವಾದಿಗಳು. ಅವರ ಪಾಲಿಗೆ ಇದು ಮೂಢನಂಬಿಕೆ, ನಕ್ಕುಬಿಟ್ಟರೆ ಸಾಕು. ಮೂರನೆಯವರು ದರ್ಗಾದ ಬಾಗಿಲಲ್ಲಿ ಸಂಕಟಕ್ಕೆ ದರ ಕಟ್ಟಿ ಕೂತವರು. ಈ ಮೂವರೂ ಒಬ್ಬರನ್ನೊಬ್ಬರು ಬೈಯುತ್ತಾರೆ. ಆದರೆ ಒಂದು ವಿಷಯದಲ್ಲಿ ಅವರಲ್ಲಿ ಒಮ್ಮತವಿದೆ: ಆ ಹೆಣ್ಣುಮಗಳನ್ನು ಯಾರೂ ಏನೂ ಕೇಳುವುದಿಲ್ಲ.

ಇದನ್ನು ಬರೆಯಲು ನಮಗೆ ನೆಪವಾದವರು ಸುಧೀರ್ ಕಕ್ಕರ್. 2024ರ ಏಪ್ರಿಲ್ 22ರಂದು ಅವರು ತೀರಿಕೊಂಡಾಗ ಸಿಂಧನೂರಿನ ನಮ್ಮ ಚಹಾದಂಗಡಿಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಬೇಕಿತ್ತು. 1938ರಲ್ಲಿ ನೈನಿತಾಲ್‌ನಲ್ಲಿ ಹುಟ್ಟಿದ ಈ ಮನುಷ್ಯ ಅಹಮದಾಬಾದಿನಲ್ಲಿ ಎಂಜಿನಿಯರಿಂಗ್ ಓದಿದರು, ಆಮೇಲೆ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ಗಾಂಧಿಯ ಮನಸ್ಸನ್ನು ಅರಿಯಲು ಭಾರತಕ್ಕೆ ಬಂದಿದ್ದ ಎರಿಕ್ ಎರಿಕ್‌ಸನ್ನರ ಸಹವಾಸದಿಂದ ದಾರಿ ಬದಲಿಸಿ, ಫ್ರಾಂಕ್‌ಫರ್ಟಿನಲ್ಲಿ ಮನೋವಿಶ್ಲೇಷಣೆಯ ತರಬೇತಿ ಪಡೆದು ದೆಹಲಿಗೆ ಮರಳಿದರು. ಫ್ರಾಯ್ಡನ ವಿದ್ಯೆ ಈ ದೇಶಕ್ಕೆ ಅವರಿಂದಲೇ ಬಂದದ್ದಲ್ಲ. 1922ರಲ್ಲೇ ಗಿರೀಂದ್ರಶೇಖರ ಬೋಸ್ ಕಲಕತ್ತೆಯಲ್ಲಿ ಮನೋವಿಶ್ಲೇಷಣಾ ಸಂಘ ಕಟ್ಟಿದ್ದರು. ಕನ್ನಡದಲ್ಲೂ ಮನಸ್ಸಿನ ವಿದ್ಯೆಗೆ ಬಡತನವಿರಲಿಲ್ಲ. 'ಕೊರವಂಜಿ'ಯ ರಾಶಿ, ಅಂದರೆ ಡಾ. ಎಂ. ಶಿವರಾಂ, 'ಮನಮಂಥನ'ಕ್ಕಾಗಿ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು.

ಕಕ್ಕರ್ ಇವರಿಗಿಂತ ಭಿನ್ನವಾಗಿ ಮಾಡಿದ ಕೆಲಸವೆಂದರೆ, ಕುರ್ಚಿ ಬಿಟ್ಟು ಎದ್ದು ದರ್ಗಾದ ಹೊಸ್ತಿಲಿಗೆ ಹೋದದ್ದು. 1982ರ 'ಶಾಮನ್ಸ್, ಮಿಸ್ಟಿಕ್ಸ್ ಅಂಡ್ ಡಾಕ್ಟರ್ಸ್' ಪುಸ್ತಕದಲ್ಲಿ ಅವರು ದೆಹಲಿಯ ಪತ್ತೇಶಾ ದರ್ಗಾದ ಪೀರರ ಬಳಿ ಕೂತಿದ್ದಾರೆ, ರಾಜಸ್ಥಾನದ ಮೆಹಂದಿಪುರದ ಬಾಲಾಜಿ ಗುಡಿಯಲ್ಲಿ ದೆವ್ವ ಬಿಡಿಸಿಕೊಳ್ಳಲು ಬಂದವರ ಜೊತೆ ಕೂತಿದ್ದಾರೆ. ಬಯಲಿಗೆಳೆಯಲು ಹೋದವರ ಠೀವಿ ಅಲ್ಲಿಲ್ಲ. ನೊಂದವರು ಇಲ್ಲಿಗೇ ಏಕೆ ಬರುತ್ತಾರೆ, ಇಲ್ಲಿ ಅವರಿಗೆ ಸಿಗುವುದೇನು ಎಂದು ತಿಳಿಯುವ ಹಂಬಲವಿದೆ.

ಬಾಲಾಜಿ ಗುಡಿಯಲ್ಲಿ ಅವರಿಗೆ ಕಂಡ ಒಂದು ಸಂಗತಿಯನ್ನು ನಮ್ಮ ಓದುಗರು ಗಮನವಿಟ್ಟು ನೋಡಬೇಕು. ಅವರು ಮಾತಾಡಿಸಿದ 28 ಮಂದಿ ಹಿಂದೂ ರೋಗಿಗಳಲ್ಲಿ 15 ಮಂದಿಗೆ ಹಿಡಿದಿದ್ದ ದೆವ್ವ ಮುಸಲ್ಮಾನ ದೆವ್ವವಾಗಿತ್ತು! ಕಕ್ಕರರ ವಿವರಣೆ ಸರಳವಾದದ್ದು. ತನ್ನದೆಂದು ಒಪ್ಪಿಕೊಳ್ಳಲಾಗದ ಆಸೆ, ತನ್ನದೆಂದು ಹೇಳಲಾಗದ ಸಿಟ್ಟು ಇದ್ದಾಗ ಮನಸ್ಸು ಅದನ್ನು ಹೊರಿಸಲು ಒಬ್ಬ ಪರಕೀಯನನ್ನು ಹುಡುಕುತ್ತದೆ. 'ಇದು ನಾನಲ್ಲ, ನನ್ನೊಳಗೆ ಹೊಕ್ಕ ಅವನು' ಎನ್ನುತ್ತದೆ. ಆ 'ಅವನು' ಯಾರಾಗಬೇಕೆಂಬುದನ್ನು ರೋಗಿ ಒಬ್ಬಳೇ ತೀರ್ಮಾನಿಸಿದ್ದಲ್ಲ, ಊರು ಮೊದಲೇ ತೀರ್ಮಾನಿಸಿರುತ್ತದೆ.

ಹಾಗೆಂದು ನಾವು ಬೆರಳು ತೋರಿಸಿ ಸುಮ್ಮನಾಗುವಂತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಓಣಿಯಲ್ಲೇ ಒಬ್ಬ ಹುಡುಗಿಗೆ 'ಅಸರ್' ಆಯಿತು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದವಳು. ಕಾಲೇಜು ಬಿಡಿಸಿ, ವಯಸ್ಸಿನಲ್ಲಿ ಬಹಳ ದೊಡ್ಡವನೊಬ್ಬನಿಗೆ ನಿಕಾಹ್ ಗೊತ್ತು ಮಾಡಿದ್ದರು. ಒಂದು ರಾತ್ರಿ ಅವಳು ಬೇರೆಯದೇ ದನಿಯಲ್ಲಿ, ಅದೂ ಅಚ್ಚ ಕನ್ನಡದಲ್ಲಿ, 'ನಾ ಒಲ್ಲೆ, ನಾ ಹೋಗಾಂಗಿಲ್ಲ' ಎಂದು ಕೂಗತೊಡಗಿದಳು. ಕಾಲುವೆಗೆ ಬಿದ್ದು ಸತ್ತ ಯಾರೋ ಹಿಂದೂ ಹೆಣ್ಣಿನ ಗಾಳಿ ಎಂದು ಓಣಿ ಹೇಳಿತು. ಉರ್ದು ಮಾತಾಡುವ ಮನೆಯಲ್ಲಿ 'ಒಲ್ಲೆ' ಎನ್ನುವ ಧೈರ್ಯ ಅವಳಿಗೆ ಪರರ ಭಾಷೆಯಲ್ಲಿ, ಪರರ ಹೆಸರಿನಲ್ಲಿ ಬಂದಿತ್ತು. ತಾಯತ ಕಟ್ಟಿದರು. ಒಬ್ಬ ಯುವಕ ಬಂದು ತಾಯತ ಕತ್ತರಿಸಿ ಉಪದೇಶ ಮಾಡಿ ಹೋದ. ಆಸ್ಪತ್ರೆಯೊಂದರಲ್ಲಿ ಎರಡು ನಿಮಿಷದಲ್ಲಿ ಗುಳಿಗೆ ಬರೆದುಕೊಟ್ಟರು. ನಿಕಾಹ್ ಮಾತ್ರ ನಿಲ್ಲಲಿಲ್ಲ. ಕತೆಗಾರರೆನಿಸಿಕೊಂಡ ನಾವೂ ಬಾಗಿಲಲ್ಲಿ ನಿಂತು ನೋಡಿದೆವು. 'ಏನಮ್ಮಾ, ಏನು ಒಲ್ಲೆ?' ಎಂದು ಕೇಳಲಿಲ್ಲ. ಈ ಲೇಖನದ ಸಿಟ್ಟಿನಲ್ಲಿ ಒಂದು ಪಾಲು ನಮ್ಮ ಮೇಲೆಯೇ ಇದೆ.

ಕಕ್ಕರರನ್ನು ತಲೆಯ ಮೇಲೆ ಹೊತ್ತು ಮೆರೆಸಲು ನಾವು ಹೊರಟಿಲ್ಲ. 1990ರ ಹೈದರಾಬಾದ್ ಗಲಭೆಯ ಕುರಿತ 'ದಿ ಕಲರ್ಸ್ ಆಫ್ ವಯಲೆನ್ಸ್' (1996) ಪುಸ್ತಕದಲ್ಲಿ ಅವರು, ಕಳೆದುಹೋದ ವೈಭವಕ್ಕಾಗಿ ಮುಸಲ್ಮಾನರ ಮನಸ್ಸಿನಲ್ಲಿ ಉಳಿದ ಶೋಕವನ್ನು ಸ್ಪೇನಿನ ಆಂದಲೂಸಿನ ಹೆಸರಿನಿಂದ ಕರೆಯುತ್ತಾರೆ. ಹೈದರಾಬಾದಿನ ನವಾಬರ ಮನೆತನಗಳಿಗೆ ಅದು ಒಪ್ಪಬಹುದು. 1948ರವರೆಗೆ ನಮ್ಮ ರಾಯಚೂರು ಜಿಲ್ಲೆಯೂ ನಿಜಾಮರ ಆಳ್ವಿಕೆಯಲ್ಲಿತ್ತು, ನಿಜ. ಆದರೆ ಇಲ್ಲಿ ಅರಳೆ ಹಿಂಜುವ ಪಿಂಜಾರನಿಗೆ, ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲನಿಗೆ ಯಾವ ಸಿಂಹಾಸನ ಕಳೆದುಹೋಯಿತು? ಅವನ ನಿದ್ದೆ ಕೆಡಿಸುವುದು ಅಂದಲೂಸ್ ಅಲ್ಲ. ಕೈಗಡ, ಮಗಳ ಮದುವೆ, ದಿನದ ಕೂಲಿ, ಮತ್ತು ಗಲಭೆಯಾದರೆ ಮೊದಲು ಯಾರ ಬಾಗಿಲು ಮುರಿಯುತ್ತದೆ ಎಂಬ ಭಯ. ಒಂದು ಸಮುದಾಯಕ್ಕೆ ಒಂದೇ ಮನಸ್ಸು ಎಂದುಕೊಳ್ಳುವುದೂ ದೆವ್ವಕ್ಕೆ ಧರ್ಮ ಕೊಡುವುದರ ಇನ್ನೊಂದು ರೂಪವೇ. ಕಕ್ಕರರಿಂದ ನಾವು ಕಲಿಯಬೇಕಾದದ್ದು ಅವರ ತೀರ್ಮಾನಗಳನ್ನಲ್ಲ, ಕಿವಿಗೊಡುವ ಅವರ ಕ್ರಮವನ್ನು.

ಈಗ ಆ ಮೂವರಿಗೆ ನಮ್ಮ ಉತ್ತರ. ಸುಧಾರಕರೇ, ತಾಯತ ಕತ್ತರಿಸುವ ಕತ್ತರಿ ನಿಮ್ಮಲ್ಲಿದೆ. ತಾಯತ ಕಟ್ಟಿಸಿದ ದುಃಖಕ್ಕೆ ನಿಮ್ಮಲ್ಲಿ ಏನಿದೆ? ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂದ ಪ್ರವಾದಿಯವರ ಅನುಯಾಯಿಗಳು ನಾವು. 1488ರಲ್ಲಿ ಮುಗಿದ ಎದಿರ್ನೆಯ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಸಂಗೀತ ಕೇಳಿಸಿ ಆರೈಕೆ ಮಾಡಿದ ಪರಂಪರೆ ನಮ್ಮದು. ಅದನ್ನು ಭಾಷಣದಲ್ಲಿ ಹೇಳಿದರೆ ಸಾಲದು.

ವಿಚಾರವಾದಿ ಗೆಳೆಯರೇ, ನಿಮ್ಹಾನ್ಸ್‌ನ ವೈದ್ಯರೇ ತಮಿಳುನಾಡಿನ ಒಂದು ಗುಡಿಯಲ್ಲಿ ಆರು ವಾರದಷ್ಟು ಕಾಲ ತಂಗಿದ್ದ 31 ಮನೋರೋಗಿಗಳನ್ನು ಪರೀಕ್ಷಿಸಿ, ಅವರ ರೋಗಲಕ್ಷಣಗಳು ಸುಮಾರು ಶೇ. 20ರಷ್ಟು ತಗ್ಗಿದ್ದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ದಾಖಲಿಸಿದ್ದಾರೆ. ಅಲ್ಲಿ ಸಿಕ್ಕಿದ್ದು ಪವಾಡವಲ್ಲ. ಆಸರೆ, ಸೌಮ್ಯವಾದ ಮಾತು, ಹಂಗಿಸದ ಜನ. ಇವನ್ನು ನಾವು ಮನೆಯಲ್ಲೇ ಏಕೆ ಕೊಡುವುದಿಲ್ಲ?

ಇನ್ನು ದರ್ಗಾದ ಹೆಸರಿನಲ್ಲಿ ಅಂಗಡಿ ತೆರೆದವರೇ, ಏರ್ವಾಡಿಯನ್ನು ನೆನಪಿಡಿ. 2001ರ ಆಗಸ್ಟ್ 6ರಂದು ಅಲ್ಲಿಯ ದರ್ಗಾದ ಸುತ್ತ ನಡೆಯುತ್ತಿದ್ದ ಖಾಸಗಿ ಮನೋರೋಗಿ ನಿವಾಸವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದವರು ಓಡಲಾಗದೆ ಸುಟ್ಟುಹೋದರು. ಸತ್ತವರು 28. ಮನೋರೋಗಿಯನ್ನು ಯಾವ ರೂಪದಲ್ಲೂ ಸರಪಳಿಯಲ್ಲಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅಲ್ಲಾಹನ ಹೆಸರು ಹೇಳಿ ಬೀಗ ಹಾಕುವವನು ಕಾಯ್ದೆಗೂ ಅಪರಾಧಿ, ದೀನಿಗೂ ಅಪರಾಧಿ.

ದರ್ಗಾ ಮುಚ್ಚಿ ಎಂದು ನಾವು ಹೇಳುತ್ತಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ 'ದವಾ-ದುವಾ' ಕಾರ್ಯಕ್ರಮ ನಡೆಯಿತು. ದುವಾ ಮಾಡಿಸುವ ಮುಜಾವರರೇ ಕಾಯಿಲೆ ಗುರುತಿಸಿ ವೈದ್ಯರ ಬಳಿಗೆ ಕಳಿಸುವುದನ್ನು ಕಲಿತರು. ಮನೋರೋಗಿಗಳಲ್ಲಿ ಶೇ. 70ರಿಂದ 92ರವರೆಗೆ ಚಿಕಿತ್ಸೆ ಸಿಗದೆ ಉಳಿಯುತ್ತಾರೆಂದು 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳಿದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಗುಜರಾತಿನಲ್ಲಿ ಆದದ್ದು ರಾಯಚೂರು ಜಿಲ್ಲೆಯಲ್ಲಿ ಏಕಾಗಬಾರದು? ಮುದಗಲ್ಲಿನ ಮೊಹರಂನಲ್ಲಿ ಒಂದೇ ಆಲಂಗೆ ಹಿಂದೂ ಮುಸಲ್ಮಾನರಿಬ್ಬರೂ ಕೈಮುಗಿಯುವ ನೆಲವಿದು. ಅಶೋಕನ ಹೆಸರನ್ನೇ ಹೊತ್ತ ಶಾಸನ ಮಸ್ಕಿಯ ಬಂಡೆಯ ಮೇಲಿದೆ. ಇಂಥ ನೆಲದಲ್ಲಿ ದೇವರನ್ನು ಹಂಚಿಕೊಂಡ ನಾವು ದೆವ್ವವನ್ನು ಮಾತ್ರ ಪಕ್ಕದ ಮನೆಗೆ ಹೊರಿಸುತ್ತಿದ್ದೇವೆ.

ಜಮಾತಿನ ಹಿರಿಯರಿಗೆ, ಮುಜಾವರರಿಗೆ ನಮ್ಮ ಮಾತು ಇಷ್ಟೆ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕಳಿಸಲೆಂದು 2014ರಲ್ಲಿ ಕರ್ನಾಟಕ ಸರಕಾರ 'ಮನೋಚೈತನ್ಯ' ಆರಂಭಿಸಿತು. ನಮ್ಮ ಮೂರೂ ಊರುಗಳಲ್ಲಿ ಅದು ಹೇಗೆ ನಡೆದಿದೆ ಎಂದು ಹೋಗಿ ಕೇಳಿ. ನಡೆಯದಿದ್ದರೆ ಏಕಿಲ್ಲ ಎಂದು ಜಗಳ ಮಾಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದನ್ನು ಮಸೀದಿಯ ಫಲಕದ ಮೇಲೂ ದರ್ಗಾದ ಗೋಡೆಯ ಮೇಲೂ ಬರೆಸಿ.

ಇದಕ್ಕೆಲ್ಲ ಸಮಯ ಬೇಕು. ಆದರೆ ಮನೆಯೊಳಗೆ ಒಂದು ಕೆಲಸ ಇವತ್ತೇ ಆಗಬಹುದು. ಮುಂದಿನ ಸಲ ನಿಮ್ಮ ಮನೆಯ ಹುಡುಗಿ ಬೇರೆ ದನಿಯಲ್ಲಿ 'ಒಲ್ಲೆ' ಎಂದರೆ, ದೆವ್ವದ ಹೆಸರು ಕೇಳಬೇಡಿ. ಅವಳು ಏನು ಒಲ್ಲೆ ಎನ್ನುತ್ತಿದ್ದಾಳೆ ಎಂದು ಕೇಳಿ. ಕೇಳಿದ ಮೇಲೆ, ಅವಳು ಒಲ್ಲೆನೆಂದದ್ದನ್ನು ನಿಲ್ಲಿಸಿ.